ಹಸಿರು ಚಹಾದ ಹದಿನಾಲ್ಕು ಪ್ರಶ್ನೆಗಳು

ಸಿದ್ದೇಶ್ವರಿಗೆ ಔರಾದದಲ್ಲಿ ಮೊಟ್ಟಮೊದಲು ಬೇಕಾಗಿದ್ದು ಸಂಶೋಧನೆಗೆ ಒಪ್ಪುವ ಜನರಲ್ಲ, ಒಂದು ಸಂಡಾಸು. ಬೀದರದಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು, ರಕ್ತದ ಸೀಸೆಗಳ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ಹನ್ನೊಂದರ ಹೊತ್ತಿಗೆ ಎರಡು ಓಣಿ ಸುತ್ತಿ ಮುಗಿಸಿದ್ದಳು. ಗುರುತಿಲ್ಲದ ಮನೆಗಳಲ್ಲಿ ಕೇಳಲು ನಾಚಿಕೆ. ಕೊನೆಗೆ ತಡೆಯಲಾರದೆ ನೀಲಿ ತಾಡಪತ್ರಿ ಕಟ್ಟಿದ ಒಂದು ಚಹಾದಂಗಡಿಯ ಮುಂದೆ ನಿಂತು, ಒಲೆಯ ಹಿಂದಿದ್ದ ಹೆಂಗಸಿಗೆ ಸಣ್ಣ ದನಿಯಲ್ಲಿ ಕೇಳಿದಳು. ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟು, ಅಂಗಡಿಯ ಹಿಂದಿನ ಮನೆಯ ಕಡೆ ಕೈ ಮಾಡಿದಳು. ಯಾರು, ಎತ್ತ ಎಂದು ವಿಚಾರಿಸಲಿಲ್ಲ. ಸಿದ್ದೇಶ್ವರಿ ತಿರುಗಿ ಬಂದಾಗ ಹಲಗೆಯ ಮೇಲೆ ಅರ್ಧ ಕಪ್ ಶುಂಠಿ ಚಹಾ ಇತ್ತು.

ಅವಳೇ ಮುನ್ನಿಬೀ. ಗಂಡ ಚಾಂದ ಪಾಶಾನ ಜೊತೆ ಇಪ್ಪತ್ತೇಳು ವರ್ಷಗಳಿಂದ ಆ ಜಾಗದಲ್ಲಿ ಚಹಾ ಕುದಿಸುತ್ತಿದ್ದಳು. ಒಬ್ಬಳೇ ಮಗಳು ಅಂಜುಮಳನ್ನು ಬೀದರದ ಹಳೆ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು.

ಸಿದ್ದೇಶ್ವರಿ ಭಾಲ್ಕಿಯವಳು. ಬಿ.ಎಸ್ಸಿ. ಓದಿದವಳು. ಉದಗೀರಿಗೆ ಮದುವೆಯಾಗಿ ಹೋಗಿ, ಗಂಡನಿಗೆ ಲಾತೂರಿನಲ್ಲಿ ಮೊದಲೇ ಒಂದು ಸಂಸಾರ ಇದೆ ಎಂದು ಹದಿನಾಲ್ಕು ತಿಂಗಳ ಮೇಲೆ ತಿಳಿದು, ತಿರುಗಿ ಬಂದಿದ್ದಳು. ಆ ಮನೆಯವರೆಲ್ಲರಿಗೂ ಗೊತ್ತಿದ್ದ ಸಂಗತಿ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಅಣ್ಣ ಸಂಜುಕುಮಾರನ ಮನೆಯಲ್ಲಿ ಆರು ವರ್ಷ ಇದ್ದು, ಮೂವತ್ನಾಲ್ಕರ ವಯಸ್ಸಿಗೆ ಬೀದರದ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಾಗ ಅಲ್ಲಿಯೇ ಒಂದು ಬಾಡಿಗೆ ಖೋಲಿ ಹಿಡಿದಳು.

ಕೇಂದ್ರದಲ್ಲಿ ನಡೆಯುತ್ತಿದ್ದುದು ಹಸಿರು ಚಹಾದ ಪರೀಕ್ಷೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಇವತ್ತೋ ನಾಳೆಯೋ ಬರಲಿದೆ ಎನ್ನುವಂಥ ಇನ್ನೂರ ನಲವತ್ತು ಜನರನ್ನು ಬೀದರ, ಭಾಲ್ಕಿ, ಔರಾದಗಳಿಂದ ಆರಿಸಿ, ಆರು ತಿಂಗಳು ದಿನಕ್ಕೆರಡು ಗುಳಿಗೆ ಕೊಡಬೇಕು. ಅರ್ಧ ಜನರ ಗುಳಿಗೆಯಲ್ಲಿ ಹಸಿರು ಚಹಾದ ಗಟ್ಟಿ ಸಾರ. ಉಳಿದರ್ಧದವರದು ನೋಡಲು ಅದರಂಥದೇ, ಒಳಗೆ ಬರೀ ಹಿಟ್ಟು. ಯಾರಿಗೆ ಯಾವುದು ಹೋಗಿದೆ ಎಂಬ ಪಟ್ಟಿ ಬೆಂಗಳೂರಿನಲ್ಲಿ ಮೊಹರು ಹಾಕಿದ ಲಕೋಟೆಯಲ್ಲಿ. ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಪರೀಕ್ಷೆಯ ಮುಖ್ಯಸ್ಥ ಡಾಕ್ಟರ್ ಪಂಢರಿನಾಥ ಮೊದಲ ದಿನವೇ ಇದನ್ನು ಬಿಡಿಸಿ ಹೇಳಿದ್ದರು: "ಗೊತ್ತಿದ್ರ ನಮ್ಮ ಕಣ್ಣು ನಮಗ ಬೇಕಾದ್ದೇ ನೋಡ್ತದ. ಅದಕ್ಕ ನಮ್ಮ ಕಣ್ಣು ನಾವೇ ಕಟ್ಟಿಕೊಂಡೇವಿ."

ಆ ಮಾತು ಸಿದ್ದೇಶ್ವರಿಯ ಎದೆಗೆ ನಾಟಿತು. ಯಾರೂ ಯಾರಿಗೂ ಸುಳ್ಳು ಹೇಳಲಾಗದಂತೆ ಮೊದಲೇ ಏರ್ಪಾಡು ಮಾಡಿಕೊಂಡ ಕೆಲಸ ಲೋಕದಲ್ಲಿ ಒಂದಿದೆ ಎಂದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುವಾಗಲೆಲ್ಲ ಅವಳಿಗೊಂದು ಹೆಮ್ಮೆ ಇರುತ್ತಿತ್ತು.

ಮುನ್ನಿಬೀಯ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಗಡಿಯಲ್ಲಿತ್ತು. ಪರೀಕ್ಷೆಗೆ ಸೇರುತ್ತೀರಾ ಎಂದು ಕೇಳಿದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇಡೀ ತಾಲೂಕಿಗೆ ಚಹಾ ಕುಡಿಸಿದವಳಿಗೆ ಈಗ ಚಹಾದ ಗುಳಿಗೆ ನುಂಗಿಸಲು ಬಂದೀಯಾ ಎಂದಳು. ಒಪ್ಪಿಗೆ ಪತ್ರವನ್ನು ಸಿದ್ದೇಶ್ವರಿ ಸಾಲುಸಾಲಾಗಿ ಓದಿ ಹೇಳಿದಳು. ಕುಡಿಯುವ ಹಸಿರು ಚಹಾದಿಂದ ತೊಂದರೆಯಿಲ್ಲ. ಆದರೆ ಅದರ ಸಾರವನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ತೀರ ಅಪರೂಪಕ್ಕೆ ಒಬ್ಬಿಬ್ಬರಿಗೆ ಪಿತ್ತಜನಕಾಂಗ, ಅಂದರೆ ಕಲೀಜಾ, ಕೆಟ್ಟದ್ದುಂಟು ಎಂಬ ಸಾಲನ್ನೂ ಓದಿದಳು. ಕಲೀಜಾ ಎಂದಾಗ ಚಾಂದ ಪಾಶಾ ಹೆಂಡತಿಯ ಮುಖ ನೋಡಿದ. ಮುನ್ನಿಬೀ ಮಾತ್ರ, ಮುಂದ ಓದು ಎಂದಳು. ಕೊನೆಗೆ ಉರ್ದುವಿನಲ್ಲಿ ದಪ್ಪಗೆ ಸಹಿ ಹಾಕಿದಳು. ಅವಳಿಗೆ ಸಿಕ್ಕ ಸಂಖ್ಯೆ ನೂರಾ ಹದಿನೇಳು.

ಎರಡು ವಾರಕ್ಕೊಮ್ಮೆ ಹೋಗಿ ಹದಿನಾಲ್ಕು ಪ್ರಶ್ನೆ ಕೇಳಬೇಕಿತ್ತು. ಹಸಿವು ಹೇಗಿದೆ, ವಾಕರಿಕೆ ಬರುತ್ತದೆಯೇ, ಮೈ ತುರಿಸುತ್ತದೆಯೇ, ಮೂತ್ರದ ಬಣ್ಣ ಹೇಗಿದೆ, ಕಣ್ಣು ಹಳದಿಯಾಗಿದೆಯೇ, ಹೀಗೆ. ಕಡೆಯ ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಅವತ್ತೇ ಗುಳಿಗೆ ನಿಲ್ಲಿಸಿ ರಕ್ತ ತೆಗೆಯಬೇಕು. ಔರಾದದ ಕಡೆ ಹೋದ ದಿನ ಸಿದ್ದೇಶ್ವರಿಯ ಬುತ್ತಿ ಬಿಚ್ಚುವುದು ಮುನ್ನಿಬೀಯ ಅಡುಗೆಮನೆಯಲ್ಲೇ. ಐಸ್ ಡಬ್ಬಿ ಅಲ್ಲಿಯೇ ನೆರಳಿಗೆ. ಕೀಲಿ ಕೇಳಬ್ಯಾಡ, ತಗೊಂಡು ಹೋಗು ಎಂದು ಮುನ್ನಿಬೀ ಅದನ್ನು ಒಂದು ಮೊಳೆಗೆ ನೇತು ಹಾಕಿದ್ದಳು. ಉದಗೀರಿನ ಕಥೆಯನ್ನು ಸಿದ್ದೇಶ್ವರಿ ಯಾರಿಗೂ ಹೇಳಿಕೊಂಡವಳಲ್ಲ. ಅವಳಿಗೆ ಹೇಳಿದಳು. ಮುನ್ನಿಬೀ ಇನ್ನೊಂದು ಜೋಳದ ಭಕ್ರಿ ತಟ್ಟಿ ಅವಳ ತಾಟಿಗೆ ಹಾಕಿದಳು.

ಎರಡನೆಯ ತಿಂಗಳು ಜನ ಬಿಡತೊಡಗಿದರು. ಔರಾದದಾಚೆಯ ಎಕಂಬಾ ಹಳ್ಳಿಯಲ್ಲಿ ಒಂದೇ ದಿನ ಮೂವರು ಗುಳಿಗೆಯ ಡಬ್ಬಿ ತಿರುಗಿ ಕೊಟ್ಟರು. ಕಾಯಿಲೆಯೇ ಇಲ್ಲದವರಿಗೆ ಔಷಧ ಯಾಕ ಎಂದು ಅವರ ಮನೆಯವರು ಕೇಳಿದ್ದರು. ಬಿಟ್ಟವರ ಲೆಕ್ಕ ಮೂವತ್ತಾರು ದಾಟಿದರೆ ಇಡೀ ಪರೀಕ್ಷೆಯೇ ಕೆಲಸಕ್ಕೆ ಬಾರದು ಎಂದು ಕೇಂದ್ರದಲ್ಲಿ ಹೇಳಿದ್ದರು. ಆಗಲೇ ಮೂವತ್ತೊಂದು ಆಗಿತ್ತು. ಕ್ಷೇತ್ರಕಾರ್ಯ ನೋಡಿಕೊಳ್ಳುವ ಗೌರವ ಎಂಬ ತರುಣ ಫೋನಿನಲ್ಲಿ ಸಿದ್ದೇಶ್ವರಿಗೆ ಖಾರವಾಗಿಯೇ ಮಾತಾಡಿದ. ಇನ್ನೊಬ್ಬರು ಬಿಟ್ಟರೂ ನಿನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ. ಅವಳು ಆ ಫೋನು ಎತ್ತಿದ್ದು ಮುನ್ನಿಬೀಯ ಅಂಗಡಿಯಲ್ಲಿ. ಅತ್ತದ್ದೂ ಅಲ್ಲೇ. ಮುನ್ನಿಬೀ ಎಲ್ಲವನ್ನೂ ಕೇಳಿಸಿಕೊಂಡಳು. ಹೋಗುವಾಗ ಅವಳ ಭುಜ ಹಿಡಿದು, "ನಾ ಅಂತೂ ಬಿಡಂಗಿಲ್ಲ ಬೇಟಿ. ನನ್ನ ಚಿಂತಿ ಮಾಡಬ್ಯಾಡ" ಎಂದಳು.

ರಂಜಾನ್ ಬಂದದ್ದು ಬಿಸಿಲು ಏರುವ ಕಾಲಕ್ಕೆ. ಹಗಲು ಒಲೆ ಆರಿಸಿ, ಸಂಜೆ ಇಫ್ತಾರಿನ ಹೊತ್ತಿಗೆ ಭಜಿ ಕರಿಯಲು ಮುನ್ನಿಬೀ ಅಂಗಡಿಗೆ ಬರುತ್ತಿದ್ದಳು. ಹತ್ತನೆಯ ವಾರದ ಭೇಟಿ ಅಂಥ ಒಂದು ಸಂಜೆಗೆ ಬಿತ್ತು. ಅವತ್ತು ರಕ್ತವನ್ನೂ ತೆಗೆಯಬೇಕಿತ್ತು. ರೋಜಾದಲ್ಲಿ, ಉಪವಾಸದ ದಿನ, ರಕ್ತ ಬೇಡ, ಈದ್ ಆದಮೇಲೆ ತಗೋ ಎಂದು ಮುನ್ನಿಬೀ ಕೇಳಿಕೊಂಡಳು. ಮೂರು ವಾರದವರೆಗೆ ಮುಂದೂಡಲು ನಿಯಮದಲ್ಲಿ ಅವಕಾಶವಿತ್ತು. ಸಿದ್ದೇಶ್ವರಿ ಹಾಗೆಯೇ ಬರೆದುಕೊಂಡಳು. ಅಷ್ಟರಲ್ಲಿ ಎಕಂಬಾದ ಬಸ್ಸು ಬಂದು ನಿಂತು ಗುರುಗುಟ್ಟತೊಡಗಿತು. ಅಲ್ಲಿ ಇನ್ನೂ ನಾಲ್ಕು ಮನೆ ಬಾಕಿ. ಅವರಲ್ಲೊಬ್ಬ ಬಿಡುತ್ತೇನೆಂದು ಹೇಳಿಕಳಿಸಿದ್ದ. ಮುನ್ನಿಬೀ ಎಣ್ಣೆಗೆ ಭಜಿ ಬಿಡುತ್ತ, ಮುಖ ಎತ್ತದೆ, "ಎಲ್ಲಾ ಛಲೋ ಅದ, ಬರಕೋ. ನಿನ್ನ ಬಸ್ಸು ಹೋಗ್ತದ" ಎಂದಳು. ಎಡಗೈಯಿಂದ ಬಲಗೈಯ ಮೊಣಕೈ ಕೆರೆದುಕೊಳ್ಳುತ್ತಿದ್ದಳು. ಎಣ್ಣೆ ಸಿಡಿದಿರಬೇಕು ಎಂದುಕೊಂಡು ಸಿದ್ದೇಶ್ವರಿ ಹಾಳೆಯ ತುದಿಗೆ ಸಹಿ ಮಾಡಿಸಿಕೊಂಡು ಓಡಿದಳು. ಹದಿನಾಲ್ಕು ಪ್ರಶ್ನೆಗಳ ಮುಂದೆ ಇಲ್ಲ, ಇಲ್ಲ, ಇಲ್ಲ ಎಂದು ಗುರುತು ಹಾಕಿದ್ದು ಬಸ್ಸಿನಲ್ಲಿ ಕುಳಿತ ಮೇಲೆ.

ಹದಿಮೂರು ದಿನ ಕಳೆದು ಚಾಂದ ಪಾಶಾ ಫೋನು ಮಾಡಿದ. ಈದ್‌ಗೆ ಮೂರು ದಿನ ಇತ್ತು. ಮುನ್ನಿಬೀ ಅಂಗಡಿಯಲ್ಲಿ ಕುಸಿದು ಬಿದ್ದಿದ್ದಳು. ಅಂಜುಮ ಬಂದು ಬೀದರದ ಆಸ್ಪತ್ರೆಗೆ ಕರೆತಂದಿದ್ದಳು. ಸಿದ್ದೇಶ್ವರಿ ಓಡಿಹೋಗಿ ನೋಡಿದರೆ, ಕಿಟಕಿಯ ಬೆಳಕಿನಲ್ಲಿ ಅವಳ ಕಣ್ಣು, ಅಂಗೈ, ಉಗುರಿನ ಸಂದು ಎಲ್ಲ ಅರಿಶಿನ. ಮೊಣಕೈಯಿಂದ ಹೆಗಲಿನವರೆಗೆ ಕೆರೆದು ಕೆರೆದು ಹಕ್ಕಳೆಗಟ್ಟಿತ್ತು. ಮುನ್ನಿಬೀಗೆ ಗುರುತು ಸಿಕ್ಕಿತು. ಹತ್ತಿರ ಬಾ ಎಂದು ಬೆರಳಲ್ಲಿ ಕರೆದು, ತಡೆದು ತಡೆದು ಕೇಳಿದಳು:

"ನನ್ನ ನಂಬರ ತೆಗೆದು ಹಾಕಿದ್ರೇನು?"

ಇಲ್ಲ ಎಂದು ಸಿದ್ದೇಶ್ವರಿ ತಲೆಯಾಡಿಸಿದಳು. ಆದರೆ ಅಷ್ಟೊತ್ತಿಗೆ ಅವಳೇ ಕೇಂದ್ರಕ್ಕೆ ತಿಳಿಸಿ, ನೂರಾ ಹದಿನೇಳನ್ನು ಪರೀಕ್ಷೆಯಿಂದ ತೆಗೆದಾಗಿತ್ತು. ಮುನ್ನಿಬೀ, ಛಲೋ ಆಯ್ತು ಎಂಬಂತೆ ಕಣ್ಣು ಮುಚ್ಚಿದಳು.

ಆಮೇಲೆ ಅವಳಿಗೆ ಮಾತಿನ ಮೇಲೆ ಹಿಡಿತ ಹೋಯಿತು. ಮಗಳನ್ನು ತನ್ನ ತಂಗಿ ಎಂದುಕೊಂಡಳು. ಹಾಲು ಉಕ್ಕುತ್ತಿದೆ, ಒಲೆ ಸಣ್ಣ ಮಾಡು ಎಂದು ಗಾಬರಿಯಾದಳು. ಕಲೀಜಾ ಪೂರ್ತಿ ಸೋತಿದೆ, ಹೈದರಾಬಾದಿಗೆ ಒಯ್ಯಬೇಕು ಎಂದು ವೈದ್ಯರು ಹೇಳಿದರು, ಆದರೆ ಒಯ್ಯುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಈದ್ ಕಳೆದ ಆರನೆಯ ದಿನ, ಮಧ್ಯಾಹ್ನದ ನಮಾಜಿಗೆ ಚಾಂದ ಪಾಶಾ ಕೆಳಗಿಳಿದು ಹೋಗಿದ್ದಾಗ, ಮುನ್ನಿಬೀ ಹೋಗಿಬಿಟ್ಟಳು. ಐವತ್ತೆರಡು ವರ್ಷ ಅವಳಿಗೆ.

ಬೆಂಗಳೂರಿನ ಲಕೋಟೆ ಒಡೆದರು. ನೂರಾ ಹದಿನೇಳಕ್ಕೆ ಹೋಗಿದ್ದುದು ಹಿಟ್ಟಲ್ಲ, ಹಸಿರು ಚಹಾದ ಸಾರ. ಕಾಮಾಲೆ ತರುವ ವೈರಾಣುಗಳನ್ನು ಹುಡುಕಿದರು, ಯಾವುದೂ ಸಿಗಲಿಲ್ಲ. ನೂರಕ್ಕೆ ನೂರು ಹೇಳಲಾಗದು, ಆದರೆ ಗುಳಿಗೆಯದೇ ಕೆಲಸ ಎಂದು ತೋರುತ್ತದೆ ಎಂದು ಮೂವರು ಪರಿಣತರು ಬರೆದರು. ಪರೀಕ್ಷೆಯನ್ನು ಸದ್ಯಕ್ಕೆ ನಿಲ್ಲಿಸಲಾಯಿತು. ಕೇಂದ್ರದ ಸಭೆಯಲ್ಲಿ ಸಿದ್ದೇಶ್ವರಿಯ ಹಾಳೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಹತ್ತನೆಯ ವಾರ: ತುರಿಕೆ ಇಲ್ಲ, ಮೂತ್ರದ ಬಣ್ಣದಲ್ಲಿ ವ್ಯತ್ಯಾಸ ಇಲ್ಲ, ಕಣ್ಣು ಹಳದಿ ಇಲ್ಲ. ಹದಿಮೂರು ದಿನ ಮೊದಲು ಪೂರ್ತಿ ಆರೋಗ್ಯವಾಗಿದ್ದವರು ಇದ್ದಕ್ಕಿದ್ದಂತೆ ಹೀಗಾದರು ಎಂದ ಮೇಲೆ, ಇದು ಮುನ್ಸೂಚನೆಯೇ ಇಲ್ಲದೆ ಬರುವ ಅಪಾಯ, ಯಾರೂ ತಡೆಯಲು ಸಾಧ್ಯವಿರಲಿಲ್ಲ ಎಂದು ಒಬ್ಬರು ಹೇಳಿದರು. ಎಲ್ಲರ ಮುಖದಲ್ಲೂ ಒಂದು ಬಗೆಯ ನಿರಾಳ ಮೂಡಿದ್ದು ಅವಳಿಗೆ ಕಂಡಿತು. ಗೌರವ ಅವಳತ್ತ ತಿರುಗಿ, ದಾಖಲೆ ಅಚ್ಚುಕಟ್ಟಾಗಿ ಇಟ್ಟಿದ್ದೀರಿ ಎಂದ.

ಅವಳು ಎರಡು ದಿನ ಸುಮ್ಮನಿದ್ದಳು. ಖೋಲಿಯಲ್ಲಿ ಕುಳಿತು ಒಂದೇ ಸಂಗತಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೇಳಿದರೆ ಕೆಲಸ ಹೋಗುತ್ತದೆ, ಅದು ದೊಡ್ಡದಲ್ಲ. ಹೇಳಿದರೆ ಚಾಂದ ಪಾಶಾನ ಮುಂದೆ ನಿಲ್ಲಬೇಕು. ಹೇಳದಿದ್ದರೆ ತನ್ನ ಸುಳ್ಳು ಪುಸ್ತಕಕ್ಕೆ ಹೋಗುತ್ತದೆ. ತುರಿಕೆ ಬಂದರೆ ಕಾಯಬೇಡ, ನಿಲ್ಲಿಸು ಎಂದು ಹೇಳಬೇಕಾದ ಕಡೆ, ಯಾವ ಗುರುತೂ ಇರುವುದಿಲ್ಲ ಎಂದು ಬರೆಯುತ್ತಾರೆ. ಅದನ್ನು ಓದಿದ ಇನ್ನೆಲ್ಲಿಯದೋ ವೈದ್ಯ ಇನ್ನಾರದೋ ತುರಿಕೆಯನ್ನು ಗಣಿಸದೆ ಬಿಟ್ಟಾನು. ಉದಗೀರಿನ ಆ ಮನೆಯವರೂ ಹೀಗೆಯೇ, ಒಂದು ಇಲ್ಲ ಎಂಬ ಮಾತನ್ನು ಹೇಳಿ ಸುಮ್ಮನಿದ್ದರು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರ್ ಪಂಢರಿನಾಥರ ಕೋಣೆಗೆ ಹೋಗಿ, ನಿಂತೇ ಹೇಳಿದಳು: "ಸರ್, ಆ ಹಾಳಿ ಸುಳ್ಳು ಅದರಿ. ನಾ ಕೇಳೇ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. ಅವತ್ತೇ ಗುಳಿಗೆ ನಿಲ್ಲಿಸಿದ್ದರೆ ಬದುಕುತ್ತಿದ್ದರೇ ಎಂದು ಅವಳು ಕೇಳಿದಾಗ, "ಹೇಳಲಿಕ್ಕ ಬರಂಗಿಲ್ಲ. ಲಗೂ ನಿಲ್ಲಿಸಿದವ್ರು ಬಹಳ ಮಂದಿ ಉಳೀತಾರ" ಎಂದಷ್ಟೇ ಹೇಳಿದರು. ಸುಳ್ಳು ಹೇಳಿ ಅವಳನ್ನು ಸಮಾಧಾನಪಡಿಸಲು ಅವರಿಗೆ ಆಗಲಿಲ್ಲ. ಆಮೇಲೆ, ನಿಜವಾದ ತಾರೀಖುಗಳು ಬೇಕು, ಮನೆಯವರನ್ನು ಕೇಳಿ ಬರೆಯಬೇಕು, ಗೌರವನನ್ನು ಕಳಿಸುತ್ತೇನೆ ಎಂದರು.

ಗೌರವ ಹೋಗಿ ಬರಿಗೈಲಿ ತಿರುಗಿ ಬಂದ. ಆ ಹುಡುಗಿ ಬರಲಿ, ಹೇಳುವುದಿದ್ದರೆ ಅವಳಿಗೇ ಹೇಳುತ್ತೇನೆ ಎಂದು ಚಾಂದ ಪಾಶಾ ಕಳಿಸಿಬಿಟ್ಟಿದ್ದ. ಹಾಳೆ ಸುಳ್ಳೆಂಬುದು ಚಾಂದ ಪಾಶಾನಿಗೆ ಇನ್ನೂ ಗೊತ್ತಿರಲಿಲ್ಲ. ಮರುದಿನ ಇಬ್ಬರೂ ಹೋದರು. ಬಸ್ಸಿನಲ್ಲಿ ಗೌರವ ಕಿಟಕಿಯಾಚೆ ನೋಡುತ್ತ ಕುಳಿತಿದ್ದವನು, ಜನವಾಡ ದಾಟಿದ ಮೇಲೆ, ಅವತ್ತು ಫೋನಿನಲ್ಲಿ ತಾನು ಹಾಗೆ ಮಾತಾಡಬಾರದಿತ್ತು ಎಂದ.

ಅಂಗಡಿ ಮುಚ್ಚಿತ್ತು. ಹಿಂದಿನ ಮನೆಯಲ್ಲಿ ಚಾಪೆ ಹಾಸಿ ಚಾಂದ ಪಾಶಾ ಅವರನ್ನು ಕೂರಿಸಿದ. ಅಂಜುಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಸಿದ್ದೇಶ್ವರಿ ಖಾಲಿ ಹಾಳೆ ತೆಗೆದು ಮೊದಲನೆಯ ಪ್ರಶ್ನೆ ಕೇಳಿದಳು. ಹಸಿವು ಹೇಗಿತ್ತು?

ರೋಜಾ ಬಿಡುವಾಗ ಎರಡು ಖಜೂರ ತಿಂದು ಸಾಕು ಅಂತಿದ್ದಳು, ಎಂದ ಅವನು. ವಾಕರಿಕೆ? ಭಜಿಯ ವಾಸನೆಗೆ ಬರುತ್ತಿತ್ತು, ಮೂಗಿಗೆ ಸೆರಗು ಕಟ್ಟಿಕೊಂಡು ಕರಿಯುತ್ತಿದ್ದಳು. ಅವನು ಅವಸರ ಮಾಡಲಿಲ್ಲ. ಒಂದೊಂದು ಪ್ರಶ್ನೆಗೂ ತಲೆ ತಗ್ಗಿಸಿ ನೆನಪು ಮಾಡಿಕೊಂಡು ಹೇಳುತ್ತಿದ್ದ. ಎಷ್ಟೋ ದಿನಗಳಿಂದ ಅವನ ಹೆಂಡತಿಯ ಬಗ್ಗೆ ಯಾರೂ ಇಷ್ಟು ವಿವರವಾಗಿ ಕೇಳಿರಲಿಲ್ಲ ಎಂಬಂತೆ ಇತ್ತು ಅದು. ತುರಿಕೆಯ ಪ್ರಶ್ನೆ ಬಂತು. ರಂಜಾನ್ ಶುರುವಾದ ಐದನೆಯ ದಿನದಿಂದ, ಎಂದ. ಸಿದ್ದೇಶ್ವರಿ ಮನಸ್ಸಿನಲ್ಲೇ ಎಣಿಸಿದಳು. ಅವಳು ಎಕಂಬಾದ ಬಸ್ಸಿಗೆ ಓಡಿದ ಸಂಜೆಗೆ ಒಂಬತ್ತು ದಿನ ಮೊದಲು. ಮೂತ್ರದ ಬಣ್ಣ? ಕರಿ ಚಹಾದಂಗ ಆಗ್ಯಾದ ಅಂತ ಅವಳೇ ಗಂಡನಿಗೆ ಹೇಳಿದ್ದಳು. ಬಿಸಿಲಿಗೆ ನೀರಿಲ್ಲದೆ ಹಾಗಾಗಿದೆ ಎಂದು ಇಬ್ಬರೂ ಅಂದುಕೊಂಡಿದ್ದರು. ಹದಿನಾಲ್ಕನ್ನೂ ಬರೆದು ಮುಗಿಸಿ, ಸಿದ್ದೇಶ್ವರಿ ಪೆನ್ನು ಕೆಳಗಿಟ್ಟಳು.

"ಚಾಚಾ, ಇದೆಲ್ಲಾ ನಾ ಅವತ್ತೇ ಕೇಳಬೇಕಾಗಿತ್ತರಿ. ಕೇಳಲಿಲ್ಲ. ಸಹಿ ತಗೊಂಡು ಹೋಗಿ ಬಸ್ಸಿನ್ಯಾಗ ಎಲ್ಲಾ ಇಲ್ಲ ಅಂತ ಬರದೆ."

ಚಾಂದ ಪಾಶಾ ಚಾಪೆಯ ಎಳೆ ಕೀಳುತ್ತ ಕುಳಿತ. ಆಮೇಲೆ ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ ಮಾತಾಡಿದ. ತುರಿಕೆ ಹೆಚ್ಚಾದಾಗ ಸಿದ್ದೇಶ್ವರಿಗೆ ತಿಳಿಸೋಣ ಎಂದು ತಾನು ಎರಡು ಸಲ ಫೋನು ಕೈಗೆತ್ತಿಕೊಂಡಿದ್ದನಂತೆ. ಮುನ್ನಿಬೀ ಕಸಿದು ಇಟ್ಟಳು. ಹೇಳಿದರೆ ಗುಳಿಗೆ ನಿಲ್ಲಿಸುತ್ತಾರೆ, ಆ ಹುಡುಗಿಯ ಲೆಕ್ಕದಲ್ಲಿ ಇನ್ನೊಬ್ಬರು ಕಡಿಮೆಯಾಗುತ್ತಾರೆ, ಒಂದು ಮನೆ ಕೆಟ್ಟು ಬಂದವಳು, ಈ ಕೆಲಸವೂ ಹೋದರೆ ಏನು ಮಾಡುತ್ತಾಳೆ ಎಂದಿದ್ದಳಂತೆ. ಈದ್ ಒಂದು ಆಗಲಿ ಎಂದಿದ್ದಳಂತೆ. "ನಾ ಗಂಡ ಅದೀನಿ. ನಾ ಯಾಕ ಅಕಿ ಮಾತು ಕೇಳಿದೆ," ಎಂದ. ಗೌರವ ಎದ್ದು ಹೊರಗೆ ಹೋದ.

ಸಿದ್ದೇಶ್ವರಿ ಅಂದುಕೊಂಡಿದ್ದು ಬೈಗುಳ ಬೀಳುತ್ತದೆ ಎಂದು. ಬಿದ್ದಿದ್ದರೆ ಹೊತ್ತುಕೊಳ್ಳಬಹುದಿತ್ತು. ತನಗೋಸ್ಕರ ಒಂದು ಜೀವ ಬಾಯಿ ಮುಚ್ಚಿಕೊಂಡು ಹೋಯಿತು ಎಂಬುದನ್ನು ಹೇಗೆ ಹೊರಬೇಕೆಂದು ಅವಳಿಗೆ ತಿಳಿಯಲಿಲ್ಲ. ಹಾಳೆಗಳನ್ನು ಜೋಡಿಸಲು ಹೋದರೆ ಜಾರಿ ಚೆಲ್ಲಿದವು. ಅಂಜುಮ ಬಂದು ಒಂದೊಂದಾಗಿ ಹೆಕ್ಕಿ ಕೊಟ್ಟಳು. ಆಮೇಲೆ ಕೇಳಿದಳು:

"ಪ್ರಶ್ನಿ ಕೇಳಲಿಲ್ಲ, ಇರಲಿ. ಅಮ್ಮೀ ಮುಖ ಆದರೂ ನೋಡಿದ್ರೇನು ಅವತ್ತು?"

ಸಿದ್ದೇಶ್ವರಿ ನೆನಪು ಮಾಡಿಕೊಳ್ಳಲು ಯತ್ನಿಸಿದಳು. ಕಡಾಯಿ ನೆನಪಾಯಿತು. ಕೆರೆಯುತ್ತಿದ್ದ ಕೈ, ಸಹಿ ಹಾಕುವಾಗ ಹಾಳೆಗೆ ಹತ್ತಿದ ಎಣ್ಣೆಯ ಕಲೆ ನೆನಪಾಯಿತು. ಮುಖ ಬರಲಿಲ್ಲ.

"ಇಲ್ಲ," ಎಂದಳು.

ಅಂಜುಮ ತಲೆಯಾಡಿಸಿ ಒಳಗೆ ಹೋದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಪರೀಕ್ಷೆ ಪೂರ್ತಿ ನಿಂತಿತು. ಉಳಿದವರೆಲ್ಲರ ರಕ್ತ ತೆಗೆದು ನೋಡಿದಾಗ, ಕಮಲನಗರದ ಕಡೆಯಿಂದ ಬಂದು ಭಾಲ್ಕಿಯಲ್ಲಿ ನೆಲೆಸಿದ್ದ ಪುತಳಾಬಾಯಿ ಎಂಬುವರ ಕಲೀಜಾ ಕೂಡ ಕೆಡತೊಡಗಿದ್ದು ಗೊತ್ತಾಯಿತು. ಅವರಿಗೂ ತುರಿಕೆ ಇತ್ತು, ಕೇಳಿದಾಗ ಹೇಳಿದರು. ಗುಳಿಗೆ ಬಿಟ್ಟ ಎರಡು ತಿಂಗಳಿಗೆ ಸರಿಹೋದರು. ಸಿದ್ದೇಶ್ವರಿಯನ್ನು ಕೆಲಸದಿಂದ ತೆಗೆದರು. ಅವಳು ಭಾಲ್ಕಿಗೆ ಹೋಗಿ ಒಂದು ಸಣ್ಣ ರಕ್ತ ಪರೀಕ್ಷೆಯ ಅಂಗಡಿಯಲ್ಲಿ ಸೇರಿಕೊಂಡಳು. ಬಂದವರ ಮುಖವನ್ನು ಮೊದಲು ನೋಡುತ್ತಾಳೆ, ಚೀಟಿಯನ್ನು ಆಮೇಲೆ. ಕೆಲವರಿಗೆ ಅದು ಮುಜುಗರ ಎನಿಸುತ್ತದೆ.

ಚಳಿಗಾಲದಲ್ಲಿ ಡಾಕ್ಟರ್ ಪಂಢರಿನಾಥರು ಬರೆದ ವರದಿ ಒಂದು ಪತ್ರಿಕೆಯಲ್ಲಿ ಬಂತು; ಅವಳಿಗೂ ಒಂದು ಪ್ರತಿ ಕಳಿಸಿದರು. ಹಸಿರು ಚಹಾದ ಸಾರ ಸಕ್ಕರೆಯನ್ನು ಇಳಿಸಿತೋ ಇಲ್ಲವೋ ಎಂಬುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ ಎಂದು ಅದರಲ್ಲಿತ್ತು. ಅಪಾಯದ ಬಗ್ಗೆ ಒಂದು ಪುಟ ಇತ್ತು. ಅವಳು ಧೈರ್ಯ ಮಾಡಿ ಔರಾದಕ್ಕೆ ಫೋನು ಹಚ್ಚಿದಳು. ಚಾಂದ ಪಾಶಾ, ಅಕಿದು ಏನು ಬರದಾರ, ಓದು ಎಂದ. ಅವಳು ಇಂಗ್ಲಿಷಿನಿಂದ ಕನ್ನಡ ಮಾಡುತ್ತ ನಿಧಾನವಾಗಿ ಓದಿದಳು: ಐವತ್ತೆರಡು ವರ್ಷದ ಒಬ್ಬ ಮಹಿಳೆ, ಗುಳಿಗೆ ಆರಂಭಿಸಿದ ಒಂಬತ್ತನೆಯ ವಾರದಿಂದ ತುರಿಕೆ, ನಂತರ ಮೂತ್ರದ ಬಣ್ಣದಲ್ಲಿ ಬದಲಾವಣೆ, ಈ ಲಕ್ಷಣಗಳನ್ನು ಮೊದಲು ದಾಖಲಿಸಿರಲಿಲ್ಲ, ಹದಿಮೂರನೆಯ ವಾರ ಸಾವು.

"ಹೆಸರು ಹಾಕಿಲ್ಲೇನು?" ಎಂದು ಕೇಳಿದ ಅವನು.

ಹಾಕುವುದಿಲ್ಲ, ಹಾಗೆ ಪದ್ಧತಿ ಎಂದಳು. ಅವನು ಇನ್ನೊಮ್ಮೆ ಓದಲು ಹೇಳಿದ. ಓದಿದಳು. ಮರುವಾರ ಅವನೇ ಫೋನು ಮಾಡಿ ಮತ್ತೆ ಓದಿಸಿದ. ಹೀಗೆ ಮೂರು ನಾಲ್ಕು ಸಲ ಆಯಿತು. ಕಡೆಯ ಸಲ ಫೋನು ಬಂದಾಗ ದನಿ ಅಂಜುಮಳದಾಗಿತ್ತು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನೀವು ಓದಿದ ದಿನ ಅಬ್ಬಾ ಊಟ ಮಾಡುವುದಿಲ್ಲ, ಇನ್ನು ಮುಂದೆ ಅವರ ಫೋನು ಎತ್ತಬೇಡಿ ಎಂದು ಕೇಳಿಕೊಂಡಳು.

ಸಿದ್ದೇಶ್ವರಿ ಆಯ್ತು ಎಂದಳು. ಅದಾದ ಮೇಲೂ ಎರಡು ಸಲ ಔರಾದದ ನಂಬರಿನಿಂದ ಫೋನು ಬಂತು. ಅಂಗಡಿಯಲ್ಲಿ ಜನ ಕುಳಿತಿದ್ದರು. ಅವಳು ಒಬ್ಬರ ತೋಳಿಗೆ ಪಟ್ಟಿ ಬಿಗಿಯುತ್ತ, ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುವವರೆಗೆ ಕಾಯ್ದಳು. ಮೂರನೆಯ ಸಲ ಬರಲೇ ಇಲ್ಲ.